ಗಟ್ಟಿಯಾದ ತೇವಾಂಶ ಪ್ಯಾಕ್ ಎಸೆಯಬೇಡಿ: ಮನೆಯಲ್ಲೇ ರೀಚಾರ್ಜ್ ಮಾಡುವ ಪೂರ್ತಿ ವಿಧಾನ

ತೇವಾಂಶ ಪ್ಯಾಕ್ ಅಂದರೆ ಮುಚ್ಚಿದ ಡಬ್ಬಿಯೊಳಗಿನ ಗಾಳಿಯ ತೇವವನ್ನು ಒಂದೇ ಮಟ್ಟದಲ್ಲಿಡುವ, ಸಾಮಾನ್ಯವಾಗಿ ಉಪ್ಪುನೀರು ತುಂಬಿದ ಪೊಟ್ಟಣ. ಗಿಟಾರ್ ಕೇಸ್ ತೆಗೆದಾಗ ಒಳಗಿನ ತೇವಾಂಶ ಪ್ಯಾಕ್ ಕೈಗೆ ಗಟ್ಟಿಯಾಗಿ ಸಿಕ್ಕಿತು ಅಂದರೆ ಅದರ ನೀರು ಖಾಲಿಯಾಗಿದೆ ಎಂದರ್ಥ. ಹೊಸದಾಗಿದ್ದಾಗ ಅದು ಮೆತ್ತಗಿತ್ತು. ಒತ್ತಿದರೆ ಒಳಗಿನ ಮಂದ ದ್ರವ ಬೆರಳಿನ ಕೆಳಗೆ ಜಾರುತ್ತಿತ್ತು. ಈಗ ಒಣಗಿದ ಮಣ್ಣಿನ ಹೆಂಟೆಯ ಹಾಗಿದೆ. ಸ್ವಲ್ಪ ಬಗ್ಗಿಸಿದರೆ ಒಳಗೆ ಹರಳು ಮುರಿಯುವ ಸಣ್ಣ ಸದ್ದು ಕೇಳಿಸುತ್ತದೆ.

ಇಲ್ಲಿಗೆ ಬಂದ ಪ್ಯಾಕನ್ನು ಹೆಚ್ಚಿನವರು ಕಸಕ್ಕೆ ಹಾಕಿ ಹೊಸದು ತರುತ್ತಾರೆ. ಆದರೆ ಅದರಿಂದ ಹೋಗಿರುವುದು ನೀರು ಮಾತ್ರ. ಉಪ್ಪು ಅಲ್ಲೇ, ಒಳಗೇ ಕೂತಿದೆ. ಹೋದಷ್ಟೇ ನೀರನ್ನು ವಾಪಸ್ ಕೊಟ್ಟರೆ ಪ್ಯಾಕ್ ಮತ್ತೆ ಮೊದಲಿನ ಹಾಗೆ ಕೆಲಸ ಮಾಡುತ್ತದೆ. ಇಲ್ಲಿ ಮುಖ್ಯವಾದ ಮಾತು 'ಹೋದಷ್ಟೇ' ಅನ್ನುವುದು. ನೀರು ಕೊಡುವುದು ಸುಲಭ, ಎಷ್ಟು ಕೊಟ್ಟೆವು ಅಂತ ತಿಳಿಯುವುದೇ ಕಷ್ಟ. ಅದಕ್ಕೆ ತಕ್ಕಡಿ ಬೇಕು. ಕೈಯಿಂದ ಒತ್ತಿ ನೋಡಿ 'ಮೆತ್ತಗಾಯಿತು, ಸಾಕು' ಅನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಕೈಯಲ್ಲಿರುವುದು ಯಾವುದು ನೋಡಿ

ತೇವಾಂಶಕ್ಕೆ ಸಂಬಂಧಿಸಿದ ಪೊಟ್ಟಣಗಳೆಲ್ಲ ನೋಡಲು ಒಂದೇ ಥರ ಇರುತ್ತವೆ. ರೀಚಾರ್ಜ್ ಮಾಡುವ ದಾರಿ ಮಾತ್ರ ಒಂದಕ್ಕೊಂದು ಪೂರಾ ಉಲ್ಟಾ.

ಮೇಲೆ 49, 62, 69, 72 ಅಂತ ಒಂದು ಸಂಖ್ಯೆ (ಪ್ಯಾಕ್ ಕಾಯ್ದುಕೊಳ್ಳುವ ತೇವಾಂಶ ಶೇಕಡಾ ಎಷ್ಟು ಅನ್ನುವುದು) ಇದ್ದರೆ ಅದು ಎರಡೂ ಕಡೆ ಕೆಲಸ ಮಾಡುವ ಪ್ಯಾಕ್. ಗಾಳಿ ಒಣಗಿದರೆ ತೇವ ಬಿಡುತ್ತದೆ, ಗಾಳಿಯಲ್ಲಿ ತೇವ ಜಾಸ್ತಿಯಾದರೆ ಎಳೆದುಕೊಳ್ಳುತ್ತದೆ. ಬೊವೇಡಾ ಕಂಪನಿಯ ಪ್ಯಾಕ್‌ಗಳು ಇಂಥವು. ಇವಕ್ಕೆ ನೀರಿನ ಆವಿ ಕೊಡಬೇಕು.

ಒಳಗೆ ಗುಂಡು ಮಣಿಗಳು ಉರುಳಾಡಿದರೆ ಅದು ಸಿಲಿಕಾ ಜೆಲ್. ಅದು ತೇವ ಹೀರುವುದಕ್ಕೆ ಮಾತ್ರ. ಅದಕ್ಕೆ ಕೊಡಬೇಕಾದ್ದು ಬಿಸಿ.

ತೇವ ಹೀರಿ ಹೀರಿ ಒಳಗೆ ನೀರೇ ತುಂಬಿಕೊಳ್ಳುವ, ಬಟ್ಟೆಯ ಬೀರುವಿನಲ್ಲಿ ಇಡುವ ಚೀಲಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಇರುತ್ತದೆ. ಅದನ್ನು ಮನೆಯಲ್ಲಿ ಒಣಗಿಸಲು ಹೋಗಬೇಡಿ. ಪ್ಯಾಕ್ ಮಾಡಿದ ತಿಂಡಿಗಳಲ್ಲಿ ಬರುವ ಆಮ್ಲಜನಕ ಹೀರುವ ಪೊಟ್ಟಣದಲ್ಲಿರುವುದು ಕಬ್ಬಿಣದ ಪುಡಿ. ಅದು ತುಕ್ಕು ಹಿಡಿದು ಕೆಲಸ ಮಾಡುತ್ತದೆ. ಒಮ್ಮೆ ತುಕ್ಕು ಹಿಡಿದ ಮೇಲೆ ಮುಗಿಯಿತು.

ಈ ಬರಹದ ಬಹುಪಾಲು ಮೊದಲನೆಯದರ ಬಗ್ಗೆ. ಸಿಲಿಕಾ ಜೆಲ್ ವಿಷಯ ಕೊನೆಯಲ್ಲಿದೆ.

ಪ್ಯಾಕ್ ಒಳಗೆ ನಡೆಯುವುದೇನು

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಇದು ಗೊತ್ತಾದರೆ ಉಳಿದ ಹಂತಗಳು ತಾವಾಗಿಯೇ ಅರ್ಥವಾಗುತ್ತವೆ.

ಒಂದು ಲೋಟ ನೀರಿಗೆ ಉಪ್ಪು ಹಾಕುತ್ತಾ ಹೋಗಿ. ಒಂದು ಹಂತದ ನಂತರ ಕರಗುವುದಿಲ್ಲ, ತಳದಲ್ಲಿ ಉಳಿಯುತ್ತದೆ. ಇದೇ ಪರ್ಯಾಪ್ತ ದ್ರಾವಣ. ಇದನ್ನು ಒಂದು ಡಬ್ಬಿಯಲ್ಲಿಟ್ಟು ಮುಚ್ಚಿದರೆ ಮೇಲಿನ ಗಾಳಿಯ ತೇವಾಂಶ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅಡುಗೆ ಉಪ್ಪಿಗೆ ಆ ಮಟ್ಟ ಶೇ 75. ಗಾಳಿ ಅದಕ್ಕಿಂತ ಒಣಗಿದ್ದರೆ ದ್ರಾವಣದಿಂದ ನೀರು ಆವಿಯಾಗುತ್ತದೆ, ಸ್ವಲ್ಪ ಉಪ್ಪು ಹರಳಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ದ್ರಾವಣ ಅದನ್ನು ಹೀರುತ್ತದೆ, ಹರಳು ಕರಗುತ್ತದೆ. ಹರಳು ಮತ್ತು ನೀರು ಎರಡೂ ಇರುವವರೆಗೆ ಆ ಸಂಖ್ಯೆ ಅಲುಗಾಡುವುದಿಲ್ಲ.

ಒಂದೊಂದು ಉಪ್ಪಿಗೆ ಒಂದೊಂದು ಸಂಖ್ಯೆ. ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಲೂಯಿಸ್ ಗ್ರೀನ್‌ಸ್ಪ್ಯಾನ್ 1977ರಲ್ಲಿ ಇವುಗಳ ಪಟ್ಟಿ ಪ್ರಕಟಿಸಿದರು. ತೇವಾಂಶ ಮಾಪಕಗಳನ್ನು ಪರೀಕ್ಷಿಸುವವರು ಇಂದಿಗೂ ಅದನ್ನೇ ನೋಡುತ್ತಾರೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆಗ್ನೀಸಿಯಂ ಕ್ಲೋರೈಡ್‌ಗೆ ಸುಮಾರು ಶೇ 33, ಪೊಟ್ಯಾಸಿಯಂ ಕಾರ್ಬೊನೇಟ್‌ಗೆ 43, ಮೆಗ್ನೀಸಿಯಂ ನೈಟ್ರೇಟ್‌ಗೆ 53, ಪೊಟ್ಯಾಸಿಯಂ ಅಯೊಡೈಡ್‌ಗೆ 69, ಪೊಟ್ಯಾಸಿಯಂ ಕ್ಲೋರೈಡ್‌ಗೆ 84. ಪ್ಯಾಕ್ ಮಾಡುವವರು ಬಳಸುವುದು ಇದೇ ಗುಣವನ್ನು. ಉಪ್ಪು ಮತ್ತು ನೀರಿಗೆ ಮಂದವಾಗುವ ಪದಾರ್ಥ ಸೇರಿಸಿ, ಆವಿ ದಾಟಬಲ್ಲ ಆದರೆ ದ್ರವ ಸೋರದ ಪೊರೆಯೊಳಗೆ ತುಂಬುತ್ತಾರೆ.

ಈಗ ಎರಡು ತುದಿಗಳನ್ನು ನೋಡಿ. ನೀರು ಪೂರ್ತಿ ಹೋದರೆ ಬರೀ ಹರಳು ಉಳಿಯುತ್ತದೆ. ಪ್ಯಾಕ್ ತೇವ ಬಿಡಲಾರದು. ಇದು ನಮಗೆ ಕಾಣುವ ಸಮಸ್ಯೆ. ಇನ್ನೊಂದು ತುದಿ ಕಾಣುವುದಿಲ್ಲ: ನೀರು ಜಾಸ್ತಿಯಾಗಿ ಹರಳೆಲ್ಲ ಕರಗಿ ಹೋದರೆ ದ್ರಾವಣ ತೆಳುವಾಗುತ್ತದೆ. ಆಗ ಅದು 49ರ ಬದಲು 55, 60ರ ಕಡೆಗೆ ಏರುತ್ತದೆ. ಮೇಲೆ ಮುದ್ರಿಸಿದ ಸಂಖ್ಯೆ ಮಾತ್ರ 49 ಅಂತಲೇ ಇರುತ್ತದೆ. ಒಣಗಿದ ಪ್ಯಾಕ್ ಸುಮ್ನೆ ಇರುತ್ತದೆ, ನೀರು ಮಿತಿಮೀರಿದ ಪ್ಯಾಕ್ ಹಾನಿ ಮಾಡುತ್ತದೆ.

ನನಗೆ ಇದು ಒಂದು 49ರ ಪ್ಯಾಕ್‌ನಿಂದ ಗೊತ್ತಾಯಿತು. ಹೊಸದರಲ್ಲಿ 68 ಗ್ರಾಂ ತೂಗುತ್ತಿದ್ದ ಪ್ಯಾಕ್ ಅದು. ಆವಿ ಡಬ್ಬಿಯಲ್ಲಿಟ್ಟು ಹತ್ತು ದಿನ ನೋಡಲೇ ಇಲ್ಲ. ತೆಗೆದಾಗ ಚೆನ್ನಾಗಿ ಮೆತ್ತಗಿತ್ತು. ಸಂತೋಷದಿಂದ ಗಿಟಾರ್ ಜೊತೆ ಇಟ್ಟೆ. ಎರಡು ದಿನ ಬಿಟ್ಟು ಕೇಸ್ ತೆಗೆದರೆ ತೇವಾಂಶ ಮಾಪಕ 57 ತೋರಿಸುತ್ತಿತ್ತು. ಪ್ಯಾಕ್ ತೂಗಿದೆ, 79 ಗ್ರಾಂ. ಹನ್ನೊಂದು ಗ್ರಾಂ ಜಾಸ್ತಿ ನೀರು, ಅಷ್ಟೇ. ಮುಟ್ಟಿದರೆ ಹೊಸದಕ್ಕೂ ಅದಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ.

ಇನ್ನೊಂದು ವಿಷಯ. ಎಲ್ಲ ಪ್ಯಾಕ್‌ಗಳಲ್ಲೂ ಉಪ್ಪು ಇರುವುದಿಲ್ಲ. ಇಂಟೆಗ್ರಾ ಬೂಸ್ಟ್‌ನಂಥವುಗಳಲ್ಲಿ ಗ್ಲಿಸರಿನ್ ಇರುತ್ತದೆ. ಅಲ್ಲಿ ಹರಳಿನ ಆಸರೆ ಇಲ್ಲ. ನೀರು ಮತ್ತು ಗ್ಲಿಸರಿನ್ ಪ್ರಮಾಣ ಎಷ್ಟಿದೆಯೋ ಅದರ ಮೇಲೆಯೇ ತೇವಾಂಶ ನಿಂತಿರುತ್ತದೆ. ಹಾಗಾಗಿ ಗ್ಲಿಸರಿನ್ ಪ್ಯಾಕ್‌ಗೆ ತೂಕದ ಲೆಕ್ಕ ಇನ್ನೂ ಬಿಗಿಯಾಗಿರಬೇಕು.

ಬೇಕಾಗುವ ಸಾಮಾನು

- ಮುಚ್ಚಳ ಬಿಗಿಯಾಗಿ ಕೂರುವ, ಗಾಳಿಯಾಡದ ಡಬ್ಬಿ. ಪಾರದರ್ಶಕವಾಗಿದ್ದರೆ ಒಳ್ಳೆಯದು.
- ಅದರೊಳಗೆ ಪ್ಯಾಕನ್ನು ನೀರಿಗಿಂತ ಮೇಲೆ ಹಿಡಿಯಲು ಒಂದು ಪ್ಲಾಸ್ಟಿಕ್ ಜಾಲರಿ ಅಥವಾ ಬೋರಲು ಹಾಕಿದ ಸಣ್ಣ ಬಟ್ಟಲುಗಳು. ಕಬ್ಬಿಣದ್ದು ಬೇಡ.
- ಡಿಜಿಟಲ್ ತಕ್ಕಡಿ. ದೊಡ್ಡ ಪ್ಯಾಕ್‌ಗೆ 1 ಗ್ರಾಂ ಲೆಕ್ಕ ಸಾಕು. 4 ಅಥವಾ 8 ಗ್ರಾಂನ ಪುಟ್ಟ ಪ್ಯಾಕ್‌ಗೆ 0.1 ಗ್ರಾಂ ತೋರಿಸುವುದೇ ಬೇಕು.
- ಡಿಜಿಟಲ್ ತೇವಾಂಶ ಮಾಪಕ, ಅಂದರೆ ಹೈಗ್ರೋಮೀಟರ್.
- ನೀರು, ಜಿಪ್ ಲಾಕ್ ಕವರ್, ಸ್ವಲ್ಪ ಪುಡಿ ಉಪ್ಪು.

ಡಿಸ್ಟಿಲ್ಡ್ ವಾಟರ್ ಕಡ್ಡಾಯವೇ ಅಂತ ತುಂಬಾ ಜನ ಕೇಳುತ್ತಾರೆ. ಆವಿ ವಿಧಾನದಲ್ಲಿ ಕಡ್ಡಾಯವಲ್ಲ. ನೀರಿನಲ್ಲಿರುವ ಖನಿಜಗಳು ಆವಿಯ ಜೊತೆ ಮೇಲೆ ಬರುವುದಿಲ್ಲ, ತಳದಲ್ಲೇ ಉಳಿಯುತ್ತವೆ. ಕುದಿಸಿ ಆರಿಸಿದ ನೀರು ಸಾಕು. ನೀರು ಪ್ಯಾಕ್‌ಗೆ ನೇರವಾಗಿ ತಾಗುವ ವಿಧಾನ ಬಳಸಿದರೆ ಮಾತ್ರ ಡಿಸ್ಟಿಲ್ಡ್ ನೀರೇ ಬೇಕು.

ಮಾಪಕ ನಂಬುವ ಮುಂಚೆ ಅದನ್ನು ಪರೀಕ್ಷಿಸಿ

ಸಣ್ಣ ಡಿಜಿಟಲ್ ಮಾಪಕಗಳು ನಾಲ್ಕೈದು ಅಂಕ ಆಚೀಚೆ ತೋರಿಸುವುದು ಸಾಮಾನ್ಯ. ಹಾಗಾಗಿ ಮೊದಲು ಅದರ ತಪ್ಪು ಎಷ್ಟು ಅಂತ ತಿಳಿದುಕೊಳ್ಳಿ. ಮೇಲೆ ಹೇಳಿದ ಶೇ 75ರ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಬಾಟಲಿಯ ಮುಚ್ಚಳವೊಂದಕ್ಕೆ ಉಪ್ಪು ತುಂಬಿ. ಕೆಲವೇ ಹನಿ ನೀರು ಹಾಕಿ ಕಲಸಿ. ಒದ್ದೆ ಮರಳಿನ ಹದ ಇರಬೇಕು, ಮೇಲೆ ನೀರು ನಿಲ್ಲಬಾರದು. ಇದನ್ನೂ ಮಾಪಕವನ್ನೂ ಒಂದು ಜಿಪ್ ಲಾಕ್ ಕವರ್‌ನಲ್ಲಿಟ್ಟು ಮುಚ್ಚಿ. ಉಪ್ಪು ಮಾಪಕಕ್ಕೆ ತಾಗದಿರಲಿ. ಬಿಸಿಲು ಬೀಳದ, ಬಿಸಿ ಏರಿಳಿಯದ ಜಾಗದಲ್ಲಿ ಒಂದು ಇಡೀ ದಿನ ಬಿಡಿ. ಕವರ್ ತೆರೆಯದೆ ಹೊರಗಿನಿಂದಲೇ ಓದಿ. 71 ತೋರಿಸಿದರೆ ನಿಮ್ಮ ಮಾಪಕ 4 ಕಡಿಮೆ ಓದುತ್ತದೆ. ಆ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಮಾಪಕದ ಬೆನ್ನಿಗೆ ಅಂಟಿಸಿ.

ರೀಚಾರ್ಜ್: ಹಂತ ಹಂತವಾಗಿ

1. ಪ್ಯಾಕ್‌ನ ಮೈ ನೋಡಿ. ಅಂಚಿನ ಬೆಸುಗೆ ಬಿಟ್ಟಿದೆಯೇ? ಹೊರಗೆ ಬಿಳಿ ಪುಡಿ ಅಥವಾ ಅಂಟು ಇದೆಯೇ? ಕಪ್ಪು, ಹಸಿರು ಚುಕ್ಕೆ ಇದೆಯೇ? ಇದರಲ್ಲಿ ಒಂದು ಇದ್ದರೂ ಆ ಪ್ಯಾಕ್ ಬೇಡ. ಸೋರುವ ಉಪ್ಪುನೀರು ಲೋಹವನ್ನು ತಿನ್ನುತ್ತದೆ, ಮರದ ಮೆರುಗು ಹಾಳು ಮಾಡುತ್ತದೆ.

2. ಒಣ ತೂಕ ಬರೆದುಕೊಳ್ಳಿ. ತಲುಪಬೇಕಾದ ತೂಕವನ್ನೂ ಬರೆಯಿರಿ. ಅದು ಪ್ಯಾಕ್ ಹೊಸದಾಗಿದ್ದಾಗಿನ ತೂಕಕ್ಕಿಂತ ಒಂದೆರಡು ಗ್ರಾಂ ಕಡಿಮೆ. ಪುಟ್ಟ ಪ್ಯಾಕ್ ಆದರೆ ಅರ್ಧ ಗ್ರಾಂ ಕಡಿಮೆ. ಹೀಗೆ ಸ್ವಲ್ಪ ಒಣ ಕಡೆಗೇ ನಿಲ್ಲಿಸಿದರೆ ಹರಳು ಉಳಿದಿರುತ್ತದೆ, ಪ್ಯಾಕ್‌ಗೆ ತೇವ ಹೀರಲೂ ಜಾಗ ಇರುತ್ತದೆ.

3. ಡಬ್ಬಿಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ. ತಳದಲ್ಲಿ ಒಂದು ಬೆರಳಿನಷ್ಟು ನೀರು ಹಾಕಿ. ಜಾಲರಿ ಇಡಿ. ಅದರ ಮೇಲೆ ಪ್ಯಾಕ್ ಮಲಗಿಸಿ. ನೀರಿಗೂ ಪ್ಯಾಕ್‌ಗೂ ಎರಡು ಸೆಂಟಿಮೀಟರ್ ಅಂತರ ಸಾಕು. ಎರಡು ಪ್ಯಾಕ್ ಇದ್ದರೆ ಒಂದರ ಮೇಲೊಂದು ಬೇಡ, ಪಕ್ಕ ಪಕ್ಕ ಇಡಿ.

4. ಮುಚ್ಚಿ, ಕೋಣೆಯ ಸಾಮಾನ್ಯ ಬಿಸಿಯಲ್ಲಿ ಇಡಿ. ಬಿಸಿಲಿಗೆ ಇಟ್ಟರೆ ಮುಚ್ಚಳದಿಂದ ಹನಿ ತೊಟ್ಟಿಕ್ಕಿ ಪ್ಯಾಕ್ ಮೇಲೆ ಬೀಳುತ್ತದೆ.

5. ದಿನಕ್ಕೊಮ್ಮೆ ತೆಗೆದು, ಮೇಲೆ ಹನಿ ಇದ್ದರೆ ಒಣ ಬಟ್ಟೆಯಲ್ಲಿ ಒತ್ತಿ, ತೂಗಿ, ಬರೆಯಿರಿ. ತಿರುಗಿಸಿ ಮತ್ತೆ ಇಡಿ. ಮೂರು ದಿನಕ್ಕೊಮ್ಮೆ ನೀರು ಬದಲಿಸಿ.

6. ಬರೆದುಕೊಂಡ ತೂಕ ಬಂದ ಕೂಡಲೇ ನಿಲ್ಲಿಸಿ.

ಎಷ್ಟು ದಿನ ಬೇಕು? ನನ್ನ ದೊಡ್ಡ ಪ್ಯಾಕ್‌ಗಳು ದಿನಕ್ಕೆ ಮೂರೋ ನಾಲ್ಕೋ ಗ್ರಾಂ ಕುಡಿಯುತ್ತವೆ. 44 ಗ್ರಾಂಗೆ ಇಳಿದ ಪ್ಯಾಕ್ 67ಕ್ಕೆ ಬರಲು ಒಂದು ವಾರ ಹಿಡಿಯಿತು. ಪುಟ್ಟವು ಒಂದೆರಡು ದಿನದಲ್ಲೇ ತುಂಬುತ್ತವೆ, ಅವುಗಳನ್ನು ದಿನಕ್ಕೆ ಎರಡು ಸಲ ತೂಗಬೇಕು. ಕಡಿಮೆ ಸಂಖ್ಯೆಯ ಪ್ಯಾಕ್ ಬೇಗ ಕುಡಿಯುತ್ತದೆ. ಡಬ್ಬಿಯೊಳಗಿನ ಗಾಳಿ ಹತ್ತಿರ ಹತ್ತಿರ ಶೇ 100 ತೇವ ಇರುತ್ತದೆ. 49ಕ್ಕೂ ನೂರಕ್ಕೂ ಇರುವ ಅಂತರ ದೊಡ್ಡದು, 84ಕ್ಕೂ ನೂರಕ್ಕೂ ಇರುವುದು ಚಿಕ್ಕದು. ಎಳೆತವೂ ಅದಕ್ಕೆ ತಕ್ಕಂತೆ.

ಒಂದು ಕಿವಿಮಾತು: ಪ್ಯಾಕ್ ಹೊಸದಾಗಿ ಬಂದ ದಿನವೇ ಪ್ಲಾಸ್ಟಿಕ್ ಹೊದಿಕೆ ತೆಗೆದು ತೂಗಿ, ಲೇಬಲ್‌ನ ಅಂಚಿನಲ್ಲಿ ಪೆನ್ಸಿಲ್‌ನಿಂದ ತೂಕ ಬರೆದಿಡಿ. ಮೇಲೆ ಮುದ್ರಿಸಿದ ಗ್ರಾಂ ಲೆಕ್ಕವನ್ನು ನೆಚ್ಚಿಕೊಳ್ಳಬೇಡಿ. ಹೊರ ಪೊರೆಯ ತೂಕವೂ ಸೇರಿ ತಕ್ಕಡಿ ಬೇರೆಯೇ ತೋರಿಸಬಹುದು.

ಹೊಸದರ ತೂಕ ಗೊತ್ತಿಲ್ಲದಿದ್ದರೆ

ಅದೇ ಅಳತೆಯ, ಅದೇ ಸಂಖ್ಯೆಯ ಹೊಸ ಪ್ಯಾಕ್ ಒಂದಿದ್ದರೆ ಅದನ್ನು ತೂಗಿ. ಅದೂ ಇಲ್ಲವಾದರೆ ನಿಧಾನವಾಗಿ ಹೋಗಬೇಕು. ಎರಡು ದಿನ ಆವಿ ಕೊಡಿ, ಮುಂದೆ ಹೇಳುವ ಪರೀಕ್ಷೆ ಮಾಡಿ. ಸರಿಯಾಗಿ ಬಂದರೆ ಇನ್ನೊಂದು ದಿನ ಕೊಡಿ, ಮತ್ತೆ ಪರೀಕ್ಷೆ ಮಾಡಿ. ಬೆರಳಲ್ಲಿ ಒತ್ತಿದಾಗ ದ್ರವದ ನಡುವೆ ಇನ್ನೂ ಸಣ್ಣ ಮರಳು ಮರಳಾಗಿ ಹರಳು ಸಿಗಬೇಕು. ಆ ಹರಳು ಮಾಯವಾಗುವ ಮುಂಚೆ ನಿಲ್ಲಿಸಿ, ಆ ದಿನದ ತೂಕವನ್ನೇ ಇನ್ನು ಮುಂದೆ ಆ ಪ್ಯಾಕ್‌ನ ಗುರಿ ಅಂತ ಇಟ್ಟುಕೊಳ್ಳಿ. ಗ್ಲಿಸರಿನ್ ಪ್ಯಾಕ್‌ನಲ್ಲಿ ಹರಳೇ ಇಲ್ಲವಲ್ಲ, ಅಲ್ಲಿ ಮಾಪಕವನ್ನೇ ನಂಬಬೇಕು.

ಪರೀಕ್ಷೆ: ಎರಡು ದಿನ ಬೇರೆ ಡಬ್ಬಿಯಲ್ಲಿ

ತೂಕ ಬಂದ ತಕ್ಷಣ ವಾದ್ಯದ ಜೊತೆ ಇಡಬೇಡಿ. ಪೊರೆಯ ಮೇಲ್ಮೈಯಲ್ಲಿ ಇನ್ನೂ ಒದ್ದೆ ಇರುತ್ತದೆ, ಒಳಗೆ ನೀರು ಸಮನಾಗಿ ಹರಡಿರುವುದಿಲ್ಲ. ಒಂದು ಒಣ ಖಾಲಿ ಡಬ್ಬಿಯಲ್ಲಿ ಪ್ಯಾಕ್ ಮತ್ತು ಮಾಪಕ ಇಟ್ಟು 48 ಗಂಟೆ ಬಿಡಿ. ನಂತರ ಓದಿ, ಮಾಪಕದ ತಪ್ಪನ್ನು ಕೂಡಿಸಿ ಅಥವಾ ಕಳೆಯಿರಿ. ಮುದ್ರಿಸಿದ ಸಂಖ್ಯೆಯಿಂದ ಎರಡು ಮೂರು ಅಂಕದೊಳಗೆ ಇದ್ದರೆ ಪ್ಯಾಕ್ ತಯಾರು.

ಓದು ಕಡಿಮೆ ಇದ್ದರೆ ಇನ್ನೊಂದು ದಿನ ಆವಿ ಕೊಡಿ. ಜಾಸ್ತಿ ಇದ್ದರೆ ನೀರು ಮಿತಿಮೀರಿದೆ. ಆಗ ಹೆದರಬೇಕಿಲ್ಲ, ಹಿಂದಕ್ಕೆ ಬರಬಹುದು. ಒಣಗಿಸಿದ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಪ್ಯಾಕ್ ಇಡಿ, ದಿನಾ ತೂಗಿ. ನಾನು 79 ಗ್ರಾಂನ ಆ ಪ್ಯಾಕನ್ನು 100 ಗ್ರಾಂ ಸಿಲಿಕಾ ಜೊತೆ ಇಟ್ಟು 67ಕ್ಕೆ ಇಳಿಸಿದೆ. ಗಾಳಿ ಒಣಗಿರುವ ದಿನವಾದರೆ ಸುಮ್ನೆ ಹೊರಗೆ ಇಟ್ಟರೂ ಇಳಿಯುತ್ತದೆ.

ತೇವದ ದಿನಗಳಲ್ಲಿ ಬಳಸಿ ಬಳಸಿ ತಾನಾಗಿ ಊದಿಕೊಂಡ ಪ್ಯಾಕ್‌ಗೂ ಇದೇ ಉಪಾಯ. ಅದು ಹಾಳಾಗಿಲ್ಲ, ಹೊಟ್ಟೆ ತುಂಬಿದೆ ಅಷ್ಟೇ. ಇಂಥದ್ದಕ್ಕೆ ಆವಿ ಕೊಟ್ಟರೆ ಕೆಲಸ ಕೆಟ್ಟಿತು. ರೀಚಾರ್ಜ್ ಅಂದರೆ ಯಾವಾಗಲೂ ನೀರು ಕೊಡುವುದೇ ಅಲ್ಲ. ಆದ್ದರಿಂದಲೇ ತೂಗದೆ ಶುರು ಮಾಡಬೇಡಿ ಅಂತ ಹೇಳುವುದು.

ನೀರಲ್ಲಿ ಮುಳುಗಿಸುವುದು ಮತ್ತು ಇತರ ಅಡ್ಡದಾರಿಗಳು

ಪ್ಯಾಕನ್ನು ಡಿಸ್ಟಿಲ್ಡ್ ನೀರಿನಲ್ಲೇ ಮುಳುಗಿಸುವವರಿದ್ದಾರೆ. ಪೊರೆಯ ಮೂಲಕ ನೀರು ಒಳಗೆ ಹೋಗುತ್ತದೆ, ಬೇಗ ತುಂಬುತ್ತದೆ, ನಿಜ. ನನಗೆ ಆ ವಿಧಾನ ಇಷ್ಟವಿಲ್ಲ. ಮಿತಿ ಮೀರುವುದು ಸುಲಭ. ಅಂಚಿನ ಬೆಸುಗೆ ಎಲ್ಲಾದರೂ ಸಡಿಲವಿದ್ದರೆ ಉಪ್ಪು ಹೊರಗೆ ಬರುತ್ತದೆ. ಒಮ್ಮೆ ಉಪ್ಪು ಹೋದರೆ ತೂಕದ ಲೆಕ್ಕವೂ ಸುಳ್ಳಾಗುತ್ತದೆ, ಯಾಕೆಂದರೆ ಕಡಿಮೆಯಾದ ಉಪ್ಪಿನ ಜಾಗವನ್ನು ನೀರು ತುಂಬಿ ತಕ್ಕಡಿ ಸರಿ ಅಂತಲೇ ತೋರಿಸುತ್ತದೆ.

ಸಿರಿಂಜ್‌ನಲ್ಲಿ ನೀರು ಚುಚ್ಚುವುದು ಬೇಡ. ತೂತು ಮುಚ್ಚುವುದಿಲ್ಲ. ಕುದಿಯುವ ನೀರಿನ ಹಬೆಗೆ ಹಿಡಿಯುವುದು, ಮೈಕ್ರೊವೇವ್‌ನಲ್ಲಿ ಇಡುವುದು ಎರಡೂ ಬೇಡ. ಬಿಸಿಗೆ ಅಂಚುಗಳ ಅಂಟು ಬಿಡುತ್ತದೆ.

ಎಲ್ಲಿ ಬಳಸಬೇಕು, ಎಷ್ಟು ಸಲ

ತಯಾರಕರು ಸಾಮಾನ್ಯವಾಗಿ ರೀಚಾರ್ಜ್ ಮಾಡಿ ಅಂತ ಹೇಳುವುದಿಲ್ಲ. ಹೊಸ ಪ್ಯಾಕ್‌ನ ನಿಖರತೆಗೆ ಅವರು ಹೊಣೆ, ನಾವು ತುಂಬಿದ ಪ್ಯಾಕ್‌ಗೆ ನಾವೇ ಹೊಣೆ. ಅದಕ್ಕೇ ನಾನು ಒಂದು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಹೊಸ ಪ್ಯಾಕ್ ಬೆಲೆಬಾಳುವ ವಾದ್ಯದ ಜೊತೆ. ರೀಚಾರ್ಜ್ ಆದದ್ದು ಮಾಪಕ ಇರುವ ಡಬ್ಬಿಗಳಲ್ಲಿ, ವಾರಕ್ಕೊಮ್ಮೆ ಕಣ್ಣು ಹಾಯಿಸುವ ಕಡೆ. ಒಂದು ಪ್ಯಾಕನ್ನು ಮೂರು ನಾಲ್ಕು ಸಲಕ್ಕಿಂತ ಜಾಸ್ತಿ ತುಂಬುವುದಿಲ್ಲ. ಪ್ರತಿ ಸಲ ಲೇಬಲ್ ಅಂಚಿನಲ್ಲಿ ಒಂದು ಗೀಟು ಹಾಕುತ್ತೇನೆ.

ಪ್ಯಾಕ್ ವಾಸನೆಯನ್ನೂ ಹಿಡಿದುಕೊಳ್ಳುತ್ತದೆ. ತಂಬಾಕು ಅಥವಾ ಒಣ ಸೊಪ್ಪಿನ ಡಬ್ಬಿಯಲ್ಲಿದ್ದದ್ದು ಮುಂದೆಯೂ ಅದೇ ಡಬ್ಬಿಗೆ ಹೋಗಲಿ. ಬೇರೆ ಬೇರೆ ಸಂಖ್ಯೆಯ ಪ್ಯಾಕ್‌ಗಳನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. 72 ಬಿಡುವ ತೇವವನ್ನು 49 ಹೀರುತ್ತಾ ಕೂರುತ್ತದೆ. ಎರಡೂ ಬೇಗ ಕೆಡುತ್ತವೆ, ಸಾಮಾನಿಗೆ ಏನೂ ಪ್ರಯೋಜನವಿಲ್ಲ.

ಪ್ಯಾಕ್ ಕೆಲವೇ ವಾರಗಳಲ್ಲಿ ಮತ್ತೆ ಗಟ್ಟಿಯಾಯಿತೇ? ತಪ್ಪು ಬಹುಶಃ ಪ್ಯಾಕ್‌ನದ್ದಲ್ಲ, ಡಬ್ಬಿಯದ್ದು. ಕತ್ತಲೆ ಕೋಣೆಯಲ್ಲಿ ಡಬ್ಬಿಯೊಳಗೆ ಟಾರ್ಚ್ ಹೊತ್ತಿಸಿಟ್ಟು ಮುಚ್ಚಿ, ಅಂಚಿನ ಸುತ್ತ ನೋಡಿ. ಬೆಳಕು ಬರುವ ಕಡೆ ತೇವವೂ ಹೋಗುತ್ತಿದೆ.

ಸಿಲಿಕಾ ಜೆಲ್ ಆದರೆ

ಇದರ ಕೆಲಸ ಸುಲಭ. ಮಣಿಗಳ ಒಳಗೆ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿವೆ. ತೇವ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ತುಂಬಾ ತೇವದ ಗಾಳಿಯಲ್ಲಿ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹಿಡಿಯಬಲ್ಲದು. ಬಿಸಿ ಕೊಟ್ಟರೆ ಬಿಡುತ್ತದೆ.

ಬಿಡಿ ಮಣಿಗಳನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಅವನ್‌ನಲ್ಲಿ 110ರಿಂದ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಗಂಟೆ ಇಡಿ. ನಡುವೆ ಒಮ್ಮೆ ಕೈಯಾಡಿಸಿ. ಪೊಟ್ಟಣ ಸಮೇತ ಇಡುವುದಾದರೆ ಹುಷಾರು: ಟೈವೆಕ್ ಅನ್ನುವ ಕಾಗದದಂಥ ಪ್ಲಾಸ್ಟಿಕ್ ಹೊದಿಕೆ 135 ಡಿಗ್ರಿ ಹತ್ತಿರ ಕರಗುತ್ತದೆ. ಅವನ್‌ನ ಮುಳ್ಳು ಹತ್ತಿಪ್ಪತ್ತು ಡಿಗ್ರಿ ತಪ್ಪಿದರೂ ಸಾಕು, ಹೋಯಿತು. ಪೊಟ್ಟಣ ಬಿಚ್ಚಿ ಮಣಿಗಳನ್ನು ಒಣಗಿಸಿ, ಬಟ್ಟೆಯ ಸಣ್ಣ ಚೀಲಕ್ಕೆ ತುಂಬುವುದೇ ಕ್ಷೇಮ. ಬರೀ ಬಿಸಿಲಿನಲ್ಲಿ ಇಟ್ಟರೆ ಸ್ವಲ್ಪ ತೇವ ಹೋಗುತ್ತದೆಯೇ ಹೊರತು ಪೂರ್ತಿ ಒಣಗುವುದಿಲ್ಲ.

ಬಣ್ಣದ ಮಣಿ ಇದ್ದರೆ ಗೊತ್ತಾಗುವುದು ಸುಲಭ. ಕಿತ್ತಳೆ ಬಣ್ಣದ್ದು ತೇವಕ್ಕೆ ಹಸಿರಾಗುತ್ತದೆ, ಒಣಗಿದರೆ ಮತ್ತೆ ಕಿತ್ತಳೆ. ನೀಲಿಯದ್ದು ಗುಲಾಬಿ ಆಗುತ್ತದೆ. ಈ ನೀಲಿಯಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಅದು ವಿಷ. ಅಡುಗೆಯ ಅವನ್, ಅಡುಗೆಯ ಪಾತ್ರೆಯಲ್ಲಿ ಅದನ್ನು ಬಿಸಿ ಮಾಡಲೇಬೇಡಿ. ಮಕ್ಕಳಿರುವ ಮನೆಯಲ್ಲಿ ನೀಲಿಯದ್ದು ಇಡದಿರುವುದೇ ಒಳ್ಳೆಯದು. ಬಣ್ಣವಿಲ್ಲದ ಬಿಳಿ ಮಣಿಗೆ ಮತ್ತೆ ತಕ್ಕಡಿಯೇ ಗತಿ. ಬಿಸಿ ಮಾಡುತ್ತಾ ಅರ್ಧ ಗಂಟೆಗೊಮ್ಮೆ ತೂಗಿ, ತೂಕ ಇಳಿಯುವುದು ನಿಂತಾಗ ಪೂರ್ತಿ ಒಣಗಿದೆ.

ಕೊನೆಯ ಹೆಜ್ಜೆಯಲ್ಲಿ ಹಲವರು ಎಡವುತ್ತಾರೆ. ಅವನ್‌ನಿಂದ ತೆಗೆದ ಮಣಿಗಳನ್ನು ತಟ್ಟೆಯಲ್ಲೇ ಆರಲು ಬಿಟ್ಟರೆ ಆರುವಷ್ಟರಲ್ಲಿ ಕೋಣೆಯ ತೇವ ಹೀರಲು ಶುರು ಮಾಡಿರುತ್ತವೆ. ಬೆಚ್ಚಗಿರುವಾಗಲೇ, ಕೈಗೆ ತಾಳುವಷ್ಟು ಬಿಸಿ ಇರುವಾಗ, ಒಣ ಗಾಜಿನ ಭರಣಿಗೆ ಸುರಿದು ಮುಚ್ಚಳ ಬಿಗಿ ಮಾಡಿ. ಪೂರ್ತಿ ಆರಿದ ಮೇಲೆ ಬೇಕಾದಷ್ಟನ್ನು ಚೀಲಕ್ಕೆ ತುಂಬಿ, ಉಳಿದದ್ದನ್ನು ಭರಣಿಯಲ್ಲೇ ಇಡಿ. ನೀರು ಮಿತಿಮೀರಿದ ಪ್ಯಾಕ್ ಇಳಿಸಲು ಮುಂದೆ ಅದೇ ಬೇಕಾಗುತ್ತದೆ.